ಗಲ್ಫ್ ಮುಗೀತು, ಇನ್ನು ಯಾವ ದೇಶ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದವನು. ಶಾರ್ಜಾಕ್ಕೆ ಬಂದು 28 ವರ್ಷ ಆಯಿತು. ನನಗೀಗ 57. ಮಗ ಟೊರೊಂಟೊದಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿ. ಗ್ರಾಚುಯಿಟಿ, ಎಫ್‌ಡಿ ಎಲ್ಲ ಸೇರಿ ಸುಮಾರು ಎರಡು ಕೋಟಿ ರೂಪಾಯಿ ಇದೆ. ಊರಲ್ಲಿ ಹಳೆ ಮನೆ ಮತ್ತು ಪಾಲಿಗೆ ಬಂದ ಎರಡು ಎಕರೆ ಅಡಿಕೆ ತೋಟ. ಇಲ್ಲಿನ ಗೆಳೆಯರು ಮಲೇಷ್ಯಾ, ಥಾಯ್ಲೆಂಡ್ ಎನ್ನುತ್ತಿದ್ದಾರೆ. ಊರಿಗೆ ಬರುವುದಾ, ಇಲ್ಲೇ ಇರುವುದಾ, ಮೂರನೇ ದೇಶಕ್ಕೆ ಹೋಗುವುದಾ?

ಉತ್ತರ: ನಾನೂ ಅಬುಧಾಬಿಯಲ್ಲಿ 22 ವರ್ಷ ಲೆಕ್ಕ ಬರೆದು ಬಂದವನು. ಮೊದಲೆಲ್ಲ ನಮ್ಮವರು ಕೇಳುತ್ತಿದ್ದುದು "ಎಷ್ಟು ದುಡ್ಡಾದರೆ ಊರಿಗೆ ಬರಬಹುದು?" ಎಂದು. ಈಗ "ಯಾವ ದೇಶ?" ಎನ್ನುತ್ತಾರೆ. ಇದು ಯೂಟ್ಯೂಬಿನ ಮಹಿಮೆ. ಕಡಲು, ಎಳನೀರು, ಕಡಿಮೆ ಬಾಡಿಗೆ. ನಮ್ಮ ಕುಂಬಳೆಯಲ್ಲಿ ಇವು ಮೂರೂ ಇವೆ, ಆದರೆ ಯಾರೂ ವಿಡಿಯೊ ಮಾಡುವುದಿಲ್ಲ!

ನಮ್ಮ ಕಡೆ ಬಿಡಾರ ಬೇರೆ, ಮನೆ ಬೇರೆ ಅಲ್ವಾ? ಕೆಲಸ ಇರುವಷ್ಟು ದಿನ ಬಿಡಾರ. ನೀವು 28 ವರ್ಷ ಇದ್ದದ್ದು ಬಿಡಾರದಲ್ಲೇ. ನಿವೃತ್ತಿ ವೀಸಾ ಎಂದು ಯಾವ ದೇಶ ಕೊಟ್ಟರೂ ಅದು ಇನ್ನೊಂದು ಬಿಡಾರ. 57ರಲ್ಲಿ ಬಿಡಾರ ಹೂಡಬಹುದು. 75ರಲ್ಲಿ ಬಿಡಾರ ಕಿತ್ತು ಹೊರಡುವುದು ಕಷ್ಟ. ಮೂರೂ ದಾರಿಗಳನ್ನು ನಾನು ನೋಡುವುದು ಈ ಕಣ್ಣಿನಿಂದ.

ಮಲೇಷ್ಯಾದಿಂದ ಶುರು ಮಾಡೋಣ. ಅವರ 'ಮಲೇಷ್ಯಾ ಮೈ ಸೆಕೆಂಡ್ ಹೋಮ್' ಯೋಜನೆಯನ್ನು 2024ರಲ್ಲಿ ಬದಲಾಯಿಸಿದ್ದಾರೆ. ಕೆಳಗಿನ ಮೆಟ್ಟಿಲಾದ ಸಿಲ್ವರ್‌ಗೇ 1,50,000 ಡಾಲರ್ ಅಲ್ಲಿನ ಬ್ಯಾಂಕಿನಲ್ಲಿ ಎಫ್‌ಡಿ ಇಡಬೇಕು. ಅಂದರೆ ಒಂದೂಕಾಲು ಕೋಟಿಗೂ ಮೇಲೆ. ಸಾಲದ್ದಕ್ಕೆ ಕನಿಷ್ಠ 6 ಲಕ್ಷ ರಿಂಗಿಟ್‌ನ ಮನೆ ಕೊಳ್ಳಬೇಕು. ಅದೂ ಕೋಟಿ ದಾಟುತ್ತದೆ. ಎಫ್‌ಡಿಯ ಅರ್ಧವನ್ನು ಮನೆಗೆ ಬಳಸಲು ಬಿಡುತ್ತಾರೆ, ನಿಜ. ಆದರೂ ನಿಮ್ಮ ಎರಡು ಕೋಟಿ ಹೆಚ್ಚು ಕಡಿಮೆ ಅಲ್ಲಿಗೇ ಮುಗಿಯಿತು. ಸಿಗುವುದು 5 ವರ್ಷದ ವೀಸಾ. ಜೊಹೋರಿನ ಫಾರೆಸ್ಟ್ ಸಿಟಿ ವಲಯದಲ್ಲಿ 50 ದಾಟಿದವರಿಗೆ ಠೇವಣಿ 32,000 ಡಾಲರ್ ಸಾಕು, ಆದರೆ ಮನೆಯನ್ನು ಅಲ್ಲೇ ಕೊಳ್ಳಬೇಕು. ಜನರೇ ಬಾರದೆ ಖಾಲಿ ಉಳಿದ ಊರು ಎಂದೇ ಅದು ಹೆಸರಾದದ್ದು. ಅಲ್ಲಿ ಕೊಂಡ ಮನೆಯನ್ನು ನಾಳೆ ಯಾರಿಗೆ ಮಾರುತ್ತೀರಿ?

ಥಾಯ್ಲೆಂಡ್ ಅಷ್ಟು ದುಬಾರಿಯಲ್ಲ. 50 ವರ್ಷ ಆಗಿರಬೇಕು. 8 ಲಕ್ಷ ಬಾತ್ ಅಲ್ಲಿನ ಬ್ಯಾಂಕಿನಲ್ಲಿ ಇರಬೇಕು, ಇಲ್ಲದಿದ್ದರೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ಕೆಲಸ ಮಾಡುವ ಹಾಗಿಲ್ಲ. ಪ್ರತಿ ವರ್ಷ ನವೀಕರಣ, 90 ದಿನಕ್ಕೊಮ್ಮೆ ವಿಳಾಸ ವರದಿ. ಫ್ಲ್ಯಾಟ್ ಕೊಳ್ಳಬಹುದು, ಜಾಗ ಕೊಳ್ಳುವಂತಿಲ್ಲ. ವರ್ಷಕ್ಕೆ 180 ದಿನ ಇದ್ದರೆ ಹೊರಗಿನಿಂದ ತರಿಸುವ ಆದಾಯಕ್ಕೆ 2024ರಿಂದ ತೆರಿಗೆಯ ಲೆಕ್ಕವೂ ಇದೆ.

ನನ್ನ ಹಳೆ ರೂಮ್‌ಮೇಟ್ ಒಬ್ಬ ಹೆಂಡತಿಯನ್ನು ಕರೆದುಕೊಂಡು ಚಿಯಾಂಗ್ ಮಾಯ್‌ಗೆ ಹೋಗಿದ್ದ. ಅವನಿಗೆ ಬಹಳ ಖುಷಿ. ಬೆಳಗ್ಗೆ ವಾಕಿಂಗ್, ಕಾಫಿ, ನಾಲ್ಕು ಜನ ಬಿಳಿಯರ ಗೆಳೆತನ. ಆ ಅಕ್ಕನಿಗೆ ಮಾತ್ರ ದಿನವಿಡೀ ಮಾತಾಡಲು ಜನವಿಲ್ಲ. ತರಕಾರಿಯವಳಿಗೆ ಕೈಸನ್ನೆ. ಊಟದಲ್ಲಿ ಮೀನಿನ ಸಾಸ್ ಇದೆಯೋ ಇಲ್ಲವೋ ಎಂದು ಪ್ರತಿ ಸಲ ಮೂಸಿ ನೋಡುವುದು. 14 ತಿಂಗಳಿಗೆ ವಾಪಸ್ ಬಂದರು. "ಶಾರ್ಜಾದಲ್ಲಿ ಪಕ್ಕದ ಮನೆಯಿಂದ ತುಳು ಕೇಳುತ್ತಿತ್ತು, ಅಲ್ಲಿ ಅದೂ ಇಲ್ಲ" ಎಂದರು ಅಕ್ಕ. ನಿಮ್ಮ ಪತ್ರದಲ್ಲೂ ಮನೆಯವರ ಅಭಿಪ್ರಾಯ ಕಾಣಲಿಲ್ಲ. ಒಮ್ಮೆ ಕೇಳಿ.

ಯುಎಇಯಲ್ಲೇ ಉಳಿಯುವುದಾದರೆ 55 ದಾಟಿದವರಿಗೆ 5 ವರ್ಷದ ನಿವೃತ್ತಿ ವೀಸಾ ಇದೆ. 10 ಲಕ್ಷ ದಿರ್ಹಮ್ ಉಳಿತಾಯ, ಅಥವಾ ಅಷ್ಟು ಬೆಲೆಯ ಆಸ್ತಿ, ಅಥವಾ ತಿಂಗಳಿಗೆ 20,000 ದಿರ್ಹಮ್ ಆದಾಯ ಬೇಕು. ದುಬೈಯಲ್ಲಾದರೆ ಆದಾಯ 15,000 ಇದ್ದರೆ ಸಾಕು. 10 ಲಕ್ಷ ದಿರ್ಹಮ್ ಎಂದರೆ ಎರಡೂಕಾಲು ಕೋಟಿಯ ಮೇಲೆ. ನಿಮಗೆ ಸ್ವಲ್ಪದರಲ್ಲಿ ತಪ್ಪುತ್ತದೆ. ತಪ್ಪಿದ್ದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ. ಸಂಬಳ ಬರುವಾಗ ಶಾರ್ಜಾದ ಬಾಡಿಗೆ ಕಾಣುವ ರೀತಿ ಒಂದು, ಎಫ್‌ಡಿ ಮುರಿದು ಕಟ್ಟುವಾಗ ಕಾಣುವ ರೀತಿಯೇ ಬೇರೆ.

ಟೊರೊಂಟೊ ಬಗ್ಗೆ ನೀವು ಕೇಳಲಿಲ್ಲ. ಆದರೆ ನಿಮ್ಮ ನಿಜವಾದ ಮೂರನೇ ದೇಶ ಅದೇ. ಕೆನಡಾದ ಸೂಪರ್ ವೀಸಾದಲ್ಲಿ ಅಪ್ಪ ಅಮ್ಮ ಒಮ್ಮೆ ಹೋದರೆ 5 ವರ್ಷದವರೆಗೆ ಇರಬಹುದು. ಮಗನಿಗೆ ನಿಗದಿತ ಆದಾಯ ಇರಬೇಕು, ನಿಮಗೆ ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್‌ನ ಆರೋಗ್ಯ ವಿಮೆ ಬೇಕು. ಬೇಸಿಗೆಗೆ ಹೋಗಿ ಮೊಮ್ಮಕ್ಕಳ ಜೊತೆ ಇದ್ದು ಬನ್ನಿ. ಜನವರಿಯ ಹಿಮದಲ್ಲಿ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಕಿಟಕಿ ನೋಡುತ್ತಾ ಕೂತವರನ್ನು ಕಂಡಿದ್ದೇನೆ.

ಇನ್ನು ಊರು. "ಊರು ಸ್ವರ್ಗ, ಬನ್ನಿ" ಎನ್ನುವವನು ನಾನಲ್ಲ.

ಕಾಸರಗೋಡಿನಲ್ಲಿ ವಯಸ್ಸಾದವರ ದೊಡ್ಡ ಚಿಂತೆ ಆಸ್ಪತ್ರೆ. ಎದೆನೋವು, ಪಾರ್ಶ್ವವಾಯು, ಕಿಡ್ನಿ ಎಂದರೆ ನಮ್ಮ ಬಾಯಲ್ಲಿ ಬರುವುದು ಮಂಗಳೂರು. ಕಾಸರಗೋಡು ಪೇಟೆಯಿಂದ ಸುಮಾರು 50 ಕಿ.ಮೀ. ನಡುವೆ ರಾಜ್ಯದ ಗಡಿ. ಮಾಮೂಲು ದಿನಗಳಲ್ಲಿ ಆ ಗಡಿ ಕಣ್ಣಿಗೇ ಬೀಳುವುದಿಲ್ಲ. 2020ರ ಮಾರ್ಚ್ ಕೊನೆಯಲ್ಲಿ, ಕೊರೊನಾ ಲಾಕ್‌ಡೌನಿನಲ್ಲಿ, ಬಿತ್ತು. ಗಡಿಯ ತಲಪಾಡಿಯಲ್ಲಿ ಕರ್ನಾಟಕದವರು ಆಂಬುಲೆನ್ಸ್‌ಗಳನ್ನು ತಡೆದರು. ಸಣ್ಣ ರಸ್ತೆಗಳಿಗೆ ಮಣ್ಣು ಸುರಿದರು. ಮಂಗಳೂರಿನ ಆಸ್ಪತ್ರೆ ಮುಟ್ಟಲಾಗದೆ ಹಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಅಂಥ ದಿನ ಮತ್ತೆ ಬರಲಿಕ್ಕಿಲ್ಲ. ಆದರೆ ನಮ್ಮ ಆರೋಗ್ಯ ಇನ್ನೊಂದು ರಾಜ್ಯದ ಕೈಯಲ್ಲಿದೆ ಎಂದು ಆಗ ಗೊತ್ತಾಯಿತು.

ಈಗ ಸ್ವಲ್ಪ ಬದಲಾಗಿದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಗಿದೆ. ನಿಮ್ಮ ಪೆರ್ಲದ ಪಕ್ಕದಲ್ಲೇ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು. 2013ರಲ್ಲಿ ಕಲ್ಲು ಹಾಕಿದ್ದು, ಮೊದಲ ಎಂಬಿಬಿಎಸ್ ಬ್ಯಾಚ್ ಬಂದದ್ದು 2025ರಲ್ಲಿ. ನಡುವಿನ 12 ವರ್ಷ ನಾವು ಕಟ್ಟಡ ನೋಡುತ್ತಾ ಮಂಗಳೂರಿಗೆ ಹೋದೆವು. ಅದು ಪೂರ್ತಿ ಆಸ್ಪತ್ರೆಯಾಗಿ ನಿಂತರೆ ನಿಮ್ಮ ಲೆಕ್ಕವೇ ಬದಲಾಗುತ್ತದೆ. ಅಲ್ಲಿಯವರೆಗೆ ನೀವು ಕೇಳಿಕೊಳ್ಳಬೇಕಾದ್ದು ಇಷ್ಟೇ: ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಗಡಿಯ ಸಾರಡ್ಕ ದಾಟಿ ವಿಟ್ಲದ ದಾರಿಯಲ್ಲಿ ಮಂಗಳೂರಿಗೆ ಕಾರು ಓಡಿಸುವವರು ಯಾರು? ನಮ್ಮ ಅಮ್ಮ ಜಾರಿ ಬಿದ್ದು ಸೊಂಟ ಮುರಿದಾಗ ಓಡಿಸಿದವನು ಪಕ್ಕದ ಮನೆಯ ಹುಡುಗ. ಅವನೀಗ ಕತಾರಿನಲ್ಲಿದ್ದಾನೆ.

ಈ ಕಾರಣಕ್ಕೇ ನಮ್ಮ ಕಡೆಯ ಎಷ್ಟೋ ಮಂದಿ ಹೋಗುವ ಮೂರನೇ ದೇಶದ ಹೆಸರು ಪುತ್ತೂರು! ಇಲ್ಲವೇ ಮಂಗಳೂರಿನಲ್ಲಿ ಎರಡು ಬೆಡ್‌ರೂಮ್ ಫ್ಲ್ಯಾಟ್. ನಗಬೇಡಿ, ಇದು ಒಳ್ಳೆಯ ಯೋಚನೆ. ಅಲ್ಲಿ ಅಂಗಡಿ ಬೋರ್ಡು, ಬ್ಯಾಂಕ್ ಫಾರಂ ಎಲ್ಲ ಕನ್ನಡದಲ್ಲಿ. ನಮ್ಮ ಕಾಸರಗೋಡಿನಲ್ಲೂ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕು ಭಾಷಾ ಅಲ್ಪಸಂಖ್ಯಾತರಿಗೆ ಇದೆ. ಕೌಂಟರಿನಲ್ಲಿ ಕೂತವರಿಗೆ ಕನ್ನಡ ಓದಲು ಬರಬೇಕಲ್ಲ? ವಿಟ್ಲದ ಕಡೆಯಿಂದ ಮದುವೆಯಾಗಿ ಬಂದ ಹೆಂಗಸರಿಗೆ ಮಲಯಾಳ ಮಾತು ಬಂದರೂ ಅಕ್ಷರ ಬರುವುದಿಲ್ಲ. ಒಬ್ಬರೇ ಆದಾಗ ಅದು ದೊಡ್ಡ ತೊಂದರೆ. ಅಂದಹಾಗೆ ಕೆಎಲ್ ನಂಬರಿನ ಕಾರನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟರೆ ನಂಬರ್ ಬದಲಿಸಬೇಕು.

ತೋಟವನ್ನು ಮಾತ್ರ ಈಗ ಮಾರಬೇಡಿ. ಎನ್‌ಆರ್‌ಐ ಆಗಿರುವವರು ಪಾಲಿಗೆ ಬಂದ ಕೃಷಿ ಭೂಮಿ ಇಟ್ಟುಕೊಳ್ಳಬಹುದು, ಹೊಸದಾಗಿ ಕೊಳ್ಳುವಂತಿಲ್ಲ. ಮಾರಿ ಮಲೇಷ್ಯಾಕ್ಕೆ ಹೋದಿರಿ ಎಂದುಕೊಳ್ಳಿ. ಮನಸ್ಸು ಬದಲಾದರೆ ಮತ್ತೆ ಊರಿಗೆ ಬಂದು ನೆಲೆಸುವವರೆಗೆ ಒಂದು ಸೆಂಟ್ಸ್ ತೋಟವನ್ನೂ ಕೊಳ್ಳಲಾಗುವುದಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಗಲ್ಫಿನವರು ಹೆದರುವುದು "ಊರಿಗೆ ಬಂದ ತಕ್ಷಣ ತೆರಿಗೆ" ಎಂದು. ತಕ್ಷಣ ಅಲ್ಲ. ವರ್ಷಕ್ಕೊಮ್ಮೆ ತಿಂಗಳು, ಒಂದೂವರೆ ತಿಂಗಳ ರಜೆಯಲ್ಲಿ ಬಂದು ಹೋದವರಿಗೆ ಮುಖ್ಯ ಗೆರೆ 182 ದಿನ. ಏಪ್ರಿಲ್‌ನಿಂದ ಮಾರ್ಚ್ ಒಳಗೆ ಇಲ್ಲಿದ್ದದ್ದು ಅದಕ್ಕಿಂತ ಕಡಿಮೆಯಾದರೆ ಆ ವರ್ಷ ನೀವು ಎನ್‌ಆರ್‌ಐ. ಆಮೇಲೆ ನಿಮ್ಮಂಥವರಿಗೆ ಸಾಮಾನ್ಯವಾಗಿ 2 ವರ್ಷ ಆರ್‌ಎನ್‌ಒಆರ್ ಎಂಬ ನಡುವಿನ ಸ್ಥಿತಿ ಸಿಗುತ್ತದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಎನ್‌ಆರ್‌ಐ ಆಗಿದ್ದರೆ ಸಾಕು. ಆ ಅವಧಿಯಲ್ಲಿ ಹೊರದೇಶದ ಬ್ಯಾಂಕಿನ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ.

ಎನ್‌ಆರ್‌ಇ, ಅಂದರೆ ಎನ್‌ಆರ್‌ಐಗಳು ಹೊರಗಿನ ದುಡಿಮೆಯನ್ನು ಇಲ್ಲಿ ರೂಪಾಯಿಯಲ್ಲಿ ಇಡುವ ಖಾತೆಯ ಕಥೆ ಬೇರೆ. ಖಾಯಂ ಬಂದ ಮೇಲೆ ಬ್ಯಾಂಕಿಗೆ ಹೇಳಿ ಅದನ್ನು ಬದಲಿಸಲೇಬೇಕು. ಬಡ್ಡಿಯ ತೆರಿಗೆ ವಿನಾಯಿತಿಯೂ ಅಲ್ಲಿಗೆ ನಿಲ್ಲುತ್ತದೆ. "ಸುಮ್ನೆ ಇರಲಿ, ಯಾರಿಗೆ ಗೊತ್ತಾಗುತ್ತೆ" ಎಂದು ಹತ್ತು ವರ್ಷ ಬಿಟ್ಟವರು ನಮ್ಮೂರಲ್ಲೇ ಇದ್ದಾರೆ. ಹಾಗೆ ಮಾಡಬೇಡಿ. ಎಫ್‌ಸಿಎನ್‌ಆರ್, ಅಂದರೆ ಎನ್‌ಆರ್‌ಐಗಳು ಇಲ್ಲಿನ ಬ್ಯಾಂಕಿನಲ್ಲಿ ಡಾಲರಿನಂಥ ವಿದೇಶಿ ಹಣದಲ್ಲೇ ಇಡುವ ಠೇವಣಿಯನ್ನಾದರೆ ಅವಧಿ ಮುಗಿಯುವವರೆಗೆ ಇಡಬಹುದು. ಆಮೇಲೆ ಆ ಡಾಲರನ್ನು ಆರ್‌ಎಫ್‌ಸಿ ಎಂಬ ಖಾತೆಗೆ ಹಾಕಿ.

ಈ ಆರ್‌ಎಫ್‌ಸಿ ಬಗ್ಗೆ ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ. ಊರಿಗೆ ಬಂದವರೂ ಡಾಲರನ್ನು ಡಾಲರಾಗಿಯೇ ಇಡುವ ಖಾತೆ ಅದು. ಅದರಲ್ಲಿರುವ ಹಣವನ್ನು ಹೊರದೇಶದಲ್ಲಿ ಬಳಸಲು ತಡೆಯಿಲ್ಲ. ಎಲ್ಲವನ್ನೂ ರೂಪಾಯಿ ಮಾಡಿಬಿಟ್ಟರೆ ಮತ್ತೆ ಹೊರಗೆ ಕಳಿಸಲು ವರ್ಷಕ್ಕೆ 2,50,000 ಡಾಲರ್‌ನ ಮಿತಿ. ಹೊರದೇಶದಲ್ಲಿ ಹೂಡಲು ಕಳಿಸಿದರೆ 10 ಲಕ್ಷ ರೂಪಾಯಿ ದಾಟಿದ್ದಕ್ಕೆ ಶೇ. 20 ಟಿಸಿಎಸ್ ಎಂಬ ಮುಂಗಡ ತೆರಿಗೆಯನ್ನು ಬ್ಯಾಂಕಿನವರು ಮೊದಲೇ ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ಅದು ಹೊಂದಿಕೆಯಾಗುತ್ತದೆ, ಆದರೆ ಅಲ್ಲಿಯವರೆಗೆ ಹಣ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಮೊದಲು ಊರಿಗೆ ಬಂದು, ಅರ್ಧ ಹಣ ಆರ್‌ಎಫ್‌ಸಿಯಲ್ಲಿಟ್ಟು, ಎರಡು ವರ್ಷ ಬಿಟ್ಟು ಮೂರನೇ ದೇಶದ ಬಗ್ಗೆ ಯೋಚಿಸಿದರೂ ನಷ್ಟವಿಲ್ಲ. ಮೊದಲು ಮಲೇಷ್ಯಾದಲ್ಲಿ ಮನೆ ಕೊಂಡು ಆಮೇಲೆ ಊರಿನ ಯೋಚನೆ ಬಂದರೆ ಆ ಮನೆ ಮಾರಾಟ ಆಗುವವರೆಗೆ ಕಾಯಬೇಕು. ಮಲೇಷ್ಯಾವೋ ಥಾಯ್ಲೆಂಡೋ ಎನ್ನುವುದಕ್ಕಿಂತ ನನಗೆ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಮುಖ್ಯ.

ವಿಮೆಯ ವಿಷಯ ಚುಟುಕಾಗಿ ಹೇಳುತ್ತೇನೆ. ಕಂಪನಿಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಇಲ್ಲಿನ ಪಾಲಿಸಿಯಲ್ಲಿ ಮೊದಲೇ ಇರುವ ಸಕ್ಕರೆ, ಬಿಪಿ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಿಸಬಹುದು. ಆ 3 ವರ್ಷ ಶಾರ್ಜಾದಲ್ಲಿ ಇರುವಾಗಲೇ ಓಡಲಿ. ಈಗಲೇ ಪಾಲಿಸಿ ಮಾಡಿಸಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ.

ಇನ್ನೊಂದು. ಕೇರಳ ಪ್ರವಾಸಿ (ಮಲಯಾಳದಲ್ಲಿ ಹಾಗೆಂದರೆ ಹೊರನಾಡಿನಲ್ಲಿ ದುಡಿಯುವವರು) ಕ್ಷೇಮ ಮಂಡಳಿಯ ಪಿಂಚಣಿಗೆ ಸೇರಿದ್ದೀರಾ? "ಅದು ಮಲಯಾಳಿಗಳಿಗೆ" ಎಂದು ನಮ್ಮವರು ಬಿಟ್ಟುಬಿಡುತ್ತಾರೆ. ಅದು ಕೇರಳದವರಿಗೆ, ಮಾತು ಯಾವುದಾದರೇನು! 60 ಆಗುವ ಮೊದಲು ಸೇರಬೇಕು, ಕನಿಷ್ಠ 5 ವರ್ಷ ಕಟ್ಟಬೇಕು. ಹೊರದೇಶದಲ್ಲಿರುವವರಿಗೆ ತಿಂಗಳಿಗೆ 350 ರೂಪಾಯಿ. 5 ವರ್ಷಕ್ಕೆ 21,000. ಈ ವರ್ಗದ ಪಿಂಚಣಿ ತಿಂಗಳಿಗೆ 3,500ರಿಂದ ಶುರು. ಕಟ್ಟಿದ್ದು ಆರು ತಿಂಗಳಲ್ಲಿ ವಾಪಸ್. ದೊಡ್ಡ ಮೊತ್ತವಲ್ಲ, ಮನೆಯ ಕರೆಂಟು, ಫೋನು, ಗ್ಯಾಸಿಗೆ ಆಗುತ್ತದೆ. ನಿಮಗೆ 57, ಇನ್ನೂ ಸಮಯವಿದೆ.

ಕೊನೆಗೆ ನಿಮಗೊಂದು ಕೆಲಸ. ಗಲ್ಫಿನವರು ಊರನ್ನು ನೋಡುವುದು ಮದುವೆ, ಜಾತ್ರೆ, ಯಕ್ಷಗಾನದ ಕಾಲದಲ್ಲಿ. ಆಗ ಎಲ್ಲ ಚೆಂದ. ಈ ಸಲ ರಜೆಯನ್ನು ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯಲ್ಲಿ ಹಾಕಿ. 40 ದಿನ ಪೆರ್ಲದ ಮನೆಯಲ್ಲೇ ಇರಿ, ಇಬ್ಬರೂ. ಕರೆಂಟಿಲ್ಲ, ಅಂಗಳದಲ್ಲಿ ಪಾಚಿ, ತೋಟದಲ್ಲಿ ಜಿಗಣೆ, ಅಡಿಕೆಗೆ ಔಷಧಿ ಬಿಡಲು ಆಳು ಸಿಗುವುದಿಲ್ಲ, ಬಟ್ಟೆ ಒಣಗುವುದಿಲ್ಲ. ಅದನ್ನು ದಾಟಿದ ಮೇಲೂ ಇಬ್ಬರಿಗೂ ಬರಬೇಕು ಎನಿಸಿದರೆ ಬನ್ನಿ. ಒಬ್ಬರಿಗೆ ಮಾತ್ರ ಎನಿಸಿದರೆ ಪುತ್ತೂರಿನಲ್ಲಿ ಬಾಡಿಗೆ ಮನೆ ನೋಡಿ. ನೆನಪಿರಲಿ, ಆಟಿಯ 40 ದಿನವೂ ಆ 182ರ ಲೆಕ್ಕಕ್ಕೆ ಸೇರುತ್ತದೆ. ಅದೇ ವರ್ಷ ಖಾಯಂ ಬರುವುದಾದರೆ ಕೊನೆಯ ಟಿಕೆಟನ್ನು ನವೆಂಬರ್ 15ರ ನಂತರಕ್ಕೆ ಮಾಡಿಸಿ.