ಕ್ಯಾಶ್ ಮಾಡಿದ ತಪ್ಪಿಗೆ ಕುಕಿಗೆ ಶಿಕ್ಷೆ

"ಕ್ಯಾಶ್, ಕುಕಿ ಎಲ್ಲಾ ಕ್ಲಿಯರ್ ಮಾಡಿದೆ ಸಾರ್. ಆದರೂ ಸೈಟ್ ಓಪನ್ ಆಗ್ತಿಲ್ಲ. ಈಗ ಬೇರೆ ಕಡೆಯೆಲ್ಲ ಲಾಗೌಟ್ ಬೇರೆ ಆಗಿದೆ!"

ಸಪೋರ್ಟ್ ಕೆಲಸದಲ್ಲಿರುವ ನನಗೆ ಈ ಫೋನ್ ಹೊಸದಲ್ಲ. ಯಾವುದು ಕೆಟ್ಟಿದೆ ಅಂತ ನೋಡದೆ ಎರಡನ್ನೂ ಒಟ್ಟಿಗೆ ಅಳಿಸಿದರೆ ಹೀಗಾಗುತ್ತದೆ.

ಕ್ಯಾಶ್ ಅಂದರೆ ಇಲ್ಲಿ ದುಡ್ಡಲ್ಲ. 'ಬಚ್ಚಿಡು' ಎಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು. ಸೈಟಿನ ಚಿತ್ರ, ಫಾಂಟ್, ಜಾವಾಸ್ಕ್ರಿಪ್ಟ್ ಫೈಲುಗಳನ್ನು ಬ್ರೌಸರ್ ನಿಮ್ಮ ಡಿಸ್ಕಿನಲ್ಲೇ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಪುಟ ಬೇಗ ತೆರೆಯಲಿ ಅಂತ. ಸೈಟಿನವರು ಹೊಸ ಫೈಲ್ ಹಾಕಿದ ಮೇಲೂ ಬ್ರೌಸರ್ ಹಳೆಯದನ್ನೇ ಹಿಡಿದು ಕೂತರೆ ತೊಂದರೆ ಶುರು. ಪುಟದ ಅಂದ ಕೆಡುತ್ತದೆ, ಬಟನ್ ಒತ್ತಿದರೆ ಏನೂ ಆಗುವುದಿಲ್ಲ.

ಕುಕಿ ಅಂದರೆ ಸೈಟ್ ನಿಮ್ಮ ಬ್ರೌಸರಿಗೆ ಕೊಟ್ಟಿಡುವ ಒಂದು ಚೀಟಿ. ಸೈಟನ್ನು ಕಳಿಸಿಕೊಡುವ ಕಂಪ್ಯೂಟರ್, ಅಂದರೆ ಸರ್ವರ್‌ಗೆ, ಮರೆವು ಜಾಸ್ತಿ. ಈಗಷ್ಟೇ ಬಂದವರು ನೀವೇ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ 1994ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ಕಂಪನಿಯ ಲೂ ಮಾಂಟುಲಿ ಈ ಚೀಟಿಯ ಉಪಾಯ ಹುಡುಕಿದರು. ನೀವು ಹೋದಾಗಲೆಲ್ಲ ಬ್ರೌಸರ್ ಅದನ್ನು ತೋರಿಸುತ್ತದೆ. ಚೀಟಿ ಕೆಟ್ಟರೆ ಲಕ್ಷಣವೇ ಬೇರೆ: ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಲಾಗಿನ್ ಪುಟಕ್ಕೇ ವಾಪಸ್. ಇಲ್ಲವೇ ರೀಡೈರೆಕ್ಟ್ (ಒಂದು ಪುಟದಿಂದ ಇನ್ನೊಂದಕ್ಕೆ ಕಳಿಸುವುದು) ಜಾಸ್ತಿಯಾಯಿತು ಎಂಬ ದೂರು. ಚೀಟಿಗಳು ಕಂತೆಯಾಗಿ ಬೆಳೆದರೆ 400 ಎಂಬ ಎರರ್ ಕೂಡ ಬರಬಹುದು.

ನಾನು ಮೊದಲು ಹೇಳುವುದು, ಏನನ್ನೂ ಅಳಿಸಬೇಡಿ, ಇನ್‌ಕಾಗ್ನಿಟೊ ಎಂಬ ಖಾಸಗಿ ವಿಂಡೋದಲ್ಲಿ ಅದೇ ಸೈಟ್ ತೆರೆಯಿರಿ ಅಂತ. ಅಲ್ಲಿ ಹಳೆಯ ಕುಕಿಯೂ ಇಲ್ಲ, ಹಳೆಯ ಕ್ಯಾಶೂ ಇಲ್ಲ. ಅಲ್ಲಿ ಸರಿಯಾಗಿ ತೆರೆದರೆ ಕಸ ನಿಮ್ಮ ಬ್ರೌಸರಿನಲ್ಲೇ ಇದೆ. ಆದರೆ ಸ್ವಲ್ಪ ತಾಳಿ. ಆ ವಿಂಡೋದಲ್ಲಿ ಎಕ್ಸ್‌ಟೆನ್ಶನ್‌ಗಳೂ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಸಾಫ್ಟ್‌ವೇರುಗಳು) ಸಾಮಾನ್ಯವಾಗಿ ಆಫ್ ಇರುತ್ತವೆ. ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ನೇ ಕಳ್ಳನಾಗಿದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ಅಂದ ಮಾತ್ರ ಕೆಟ್ಟಿದ್ದರೆ ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ. ಮ್ಯಾಕ್‌ನ ಕ್ರೋಮ್‌ನಲ್ಲಾದರೆ ಕಂಟ್ರೋಲ್ ಬದಲು ಕಮಾಂಡ್. ಕ್ಯಾಶ್ ಬಿಟ್ಟು ಪುಟ ಹೊಸದಾಗಿ ಬರುತ್ತದೆ. ಲಾಗಿನ್ ತೊಂದರೆಯಾದರೆ ವಿಳಾಸದ ಪಕ್ಕದ ಐಕಾನ್ ಒತ್ತಿ, ಆ ಒಂದು ಸೈಟಿನ ಡೇಟಾ ಮಾತ್ರ ಅಳಿಸಿ. ಉಳಿದ ಸೈಟುಗಳ ಲಾಗಿನ್ ಹಾಗೇ ಇರುತ್ತದೆ.

ಎಲ್ಲವನ್ನೂ ಅಳಿಸಲೇಬೇಕಾ? ಕಂಟ್ರೋಲ್, ಶಿಫ್ಟ್, ಡಿಲೀಟ್. ಅಲ್ಲಿ ಸಮಯದ ಪಟ್ಟಿ ನೋಡಿಕೊಳ್ಳಿ. 'ಕಳೆದ ಒಂದು ಗಂಟೆ' ಅಂತಿದ್ದರೆ ಹೋದ ವಾರದ ಕಸ ಹಾಗೇ ಉಳಿಯುತ್ತದೆ. ಪಾಸ್‌ವರ್ಡ್ ಎಂಬಲ್ಲಿ ಸುಮ್ನೆ ಟಿಕ್ ಹಾಕಬೇಡಿ. ಫೋನು, ಕಂಪ್ಯೂಟರಿನ ಬ್ರೌಸರ್ ಡೇಟಾ ಒಂದೇ ಆಗಿಡುವ ಸಿಂಕ್ ಆನ್ ಇದ್ದರೆ ಇಲ್ಲಿ ಅಳಿಸಿದ್ದು ಫೋನಿನಿಂದಲೂ ಹೋಗಬಹುದು.

ಹೀಗೆಲ್ಲ ಹೇಳುವ ನಾನೂ ಒಮ್ಮೆ ಬೇಸ್ತು ಬಿದ್ದಿದ್ದೇನೆ. ಒಂದು ಹಳೇ ಕಂಪ್ಯೂಟರಿನಲ್ಲಿ ಯಾವ ಸೈಟ್ ತೆರೆದರೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಮೂರು ಸಲ ಕ್ಯಾಶ್ ಅಳಿಸಿದೆ. ಆಮೇಲೆ ಪರದೆಯ ಮೂಲೆಗೆ ಕಣ್ಣು ಹೋಯಿತು. ಕಂಪ್ಯೂಟರಿನ ಗಡಿಯಾರ ನಡೆಸುವ ಮದರ್‌ಬೋರ್ಡ್ ಬ್ಯಾಟರಿ ಸತ್ತು ತಾರೀಕು ವರ್ಷಗಟ್ಟಲೆ ಹಿಂದೆ ನಿಂತಿತ್ತು. ಸೈಟು ಅಸಲಿ ಎಂದು ಹೇಳುವ ಸರ್ಟಿಫಿಕೇಟುಗಳ ಅವಧಿ ಆ ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೂ ಶುರುವೇ ಆಗಿರಲಿಲ್ಲ! ತಾರೀಕು ಸರಿಮಾಡಿದ ಕೂಡಲೇ ಎಲ್ಲವೂ ತೆರೆದವು.