ಸಭೆಯಲ್ಲಿ ನಮ್ಮ ರಸ್ತೆ ಪಾಸ್ ಆಯ್ತು, ಕೆಲಸ ಯಾಕೆ ಶುರುವಾಗಿಲ್ಲ?

ಪ್ರಶ್ನೆ: ನಮ್ಮ ಅಡ್ಡರಸ್ತೆಗೆ ಡಾಂಬರು ಹಾಕುವ ವಿಷಯ ನಗರಸಭೆಯ ಸಾಮಾನ್ಯ ಸಭೆಯಲ್ಲಿ ಪಾಸ್ ಆಗಿ ಎಷ್ಟೋ ತಿಂಗಳಾಯಿತು. ಪೇಪರಿನಲ್ಲೂ ಬಂದಿತ್ತು. ಇವತ್ತಿನವರೆಗೆ ಒಂದು ಬುಟ್ಟಿ ಜಲ್ಲಿ ಬಿದ್ದಿಲ್ಲ. ಪಾಸ್ ಆದ ದುಡ್ಡು ಎಲ್ಲಿ ಹೋಯ್ತು?

ಉತ್ತರ: ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಒಬ್ಬರು ರಸ್ತೆ ಅನ್ನುತ್ತಾರೆ, ಇನ್ನೊಬ್ಬರು ಚರಂಡಿ ಅನ್ನುತ್ತಾರೆ, ಮತ್ತೊಬ್ಬರು ಬೀದಿದೀಪ ಅನ್ನುತ್ತಾರೆ. ಕೊನೆಯ ಸಾಲು ಮಾತ್ರ ಎಲ್ಲರದೂ ಒಂದೇ: ಪಾಸ್ ಆದ ದುಡ್ಡು ಎಲ್ಲಿ? ಅದಕ್ಕೇ ಈ ಸಲ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ. ದಯವಿಟ್ಟು ನಿಮ್ಮ ಬೀದಿಯವರಿಗೂ ಓದಿ ಹೇಳಿ.

ಸಭೆಯಲ್ಲಿ ಪಾಸ್ ಆಗಿದ್ದು ಒಂದು ಗೊತ್ತುವಳಿ. ಉತ್ತರ ಕರ್ನಾಟಕದವರು ಠರಾವು ಅನ್ನುತ್ತಾರಲ್ಲ, ಅದೇ. ಅದರಲ್ಲಿ ದುಡ್ಡು ಇರಲೇಬೇಕು ಅಂತೇನಿಲ್ಲ. ಬಹಳಷ್ಟು ಸಲ ಇರುವುದೂ ಇಲ್ಲ.

ಜನರ ತಲೆಯಲ್ಲಿ ಕೂತಿರುವ ಲೆಕ್ಕ ಹೀಗಿದೆ. ಸಭೆ ನಡೆಯಿತು, ಸದಸ್ಯರು ಮೇಜು ತಟ್ಟಿದರು, ಅಧ್ಯಕ್ಷರು ಸಹಿ ಹಾಕಿದರು. ಅಲ್ಲಿಗೆ ನಮ್ಮ ರಸ್ತೆಯ ಹೆಸರಿನಲ್ಲಿ ಇಷ್ಟು ಲಕ್ಷ ಅಂತ ಬೇರೆ ತೆಗೆದಿಟ್ಟರು. ಆಮೇಲೂ ಕೆಲಸ ಆಗಲಿಲ್ಲ ಅಂದರೆ ಯಾರೋ ತಿಂದರು. ಈ ನಂಬಿಕೆ ಎಷ್ಟು ಗಟ್ಟಿ ಅಂದರೆ, ಓದಿದವರು, ಸರ್ಕಾರಿ ಕೆಲಸದಲ್ಲಿ ಇದ್ದು ನಿವೃತ್ತರಾದವರು ಕೂಡ ಇದನ್ನೇ ಹೇಳುತ್ತಾರೆ. ಅಕ್ರಮ ನಡೆಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಅದು ನಡೆಯುವ ಜಾಗ ಬೇರೆ. ಅದನ್ನು ಮುಂದೆ ಹೇಳುತ್ತೇನೆ. ತಪ್ಪು ಜಾಗದಲ್ಲಿ ಹುಡುಕುತ್ತಾ ಕೂತರೆ ಕಳ್ಳನೂ ಸಿಗುವುದಿಲ್ಲ, ರಸ್ತೆಯೂ ಆಗುವುದಿಲ್ಲ.

ಯಾವುದಾದರೂ ನಗರಸಭೆಯ ಕಾರ್ಯಸೂಚಿ ಕೈಗೆ ತೆಗೆದುಕೊಂಡು ನೋಡಿ. ಮೊದಲು ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಆಮೇಲೆ ತಿಂಗಳ ಜಮಾ–ಖರ್ಚು. ಅದಾದ ಮೇಲೆ ಘಟನೋತ್ತರ ಮಂಜೂರಾತಿಗಳ ಸಾಲು: ಸುಟ್ಟುಹೋದ ಬೋರ್‌ವೆಲ್ ಮೋಟರ್ ರಿಪೇರಿ, ಒಡೆದ ಪೈಪು, ಜಾತ್ರೆಗೆ ಹಾಕಿಸಿದ ಲೈಟು. ಅಂದರೆ ಕೆಲಸ ಆಗಿಹೋಗಿದೆ, ಈಗ ಒಪ್ಪಿಗೆ ಬೇಕು. ಮುಂದೆ ಅಂಗಡಿ ಮಳಿಗೆಗಳ ಹರಾಜು, ಸಂತೆ ಸುಂಕದ ಗುತ್ತಿಗೆ, ಪೌರಕಾರ್ಮಿಕರ ಸುರಕ್ಷಾ ಸಾಮಗ್ರಿ, ಕಸದ ಆಟೋಗಳ ಡೀಸೆಲ್. ಸಾರ್ವಜನಿಕರ ಅರ್ಜಿಗಳು ಬರುವುದು ಸಾಮಾನ್ಯವಾಗಿ ಇವೆಲ್ಲ ಮುಗಿದ ಮೇಲೆ. ಕಟ್ಟಕಡೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು’.

ನಿಮ್ಮ ರಸ್ತೆ ಹೆಚ್ಚಾಗಿ ಇರುವುದು ಈ ಕೊನೆಯ ಪುಟದಲ್ಲಿ. ಅದರ ಮುಂದೆ ಬರೆದಿರುವ ತೀರ್ಮಾನವನ್ನು ನಿಧಾನವಾಗಿ ಓದಿ. ‘ಅನುದಾನದ ಲಭ್ಯತೆ ನೋಡಿಕೊಂಡು ನಿಯಮಾನುಸಾರ ಕ್ರಮ ವಹಿಸಲು ಸಭೆಯು ಸರ್ವಾನುಮತದಿಂದ ಒಪ್ಪಿಗೆ ನೀಡಿತು.’ ಎಲ್ಲ ಊರಿನಲ್ಲೂ ಹೆಚ್ಚುಕಡಿಮೆ ಇದೇ ವಾಕ್ಯ. ಇದರ ಅರ್ಥ, ದುಡ್ಡು ಬಂದರೆ ಮಾಡೋಣ ಅಂತ. ಮರುದಿನ ಪೇಪರಿನಲ್ಲಿ ‘ರಸ್ತೆ ಅಭಿವೃದ್ಧಿಗೆ ಸಭೆ ಅಸ್ತು’ ಎಂದು ಬರುತ್ತದೆ. ಸದಸ್ಯರು ಆ ಕಟಿಂಗನ್ನು ವಾರ್ಡಿನ ವಾಟ್ಸ್ಆಪ್ ಗುಂಪಿಗೆ ಹಾಕುತ್ತಾರೆ. ಮದುವೆ ಮಾಡೋಣ ಅಂತ ಮನೆಯಲ್ಲಿ ಕೂತು ಮಾತಾಡಿದ ಮಾತ್ರಕ್ಕೆ ಛತ್ರ ಬುಕ್ ಆಗುವುದಿಲ್ಲ, ಅಲ್ವಾ?

ಹಾಗಾದರೆ ಸಭೆಯ ತೀರ್ಮಾನಕ್ಕೆ ಬೆಲೆಯೇ ಇಲ್ಲವೇ? ಇದೆ. ಆದರೆ ಪಾಸ್ ಆಗುವುದರಲ್ಲೂ ಬೇರೆ ಬೇರೆ ಬಗೆ ಇವೆ. ಈಗ ಹೇಳಿದ್ದು ಬರೀ ತಾತ್ವಿಕ ಒಪ್ಪಿಗೆ. ಇದಕ್ಕಿಂತ ಗಟ್ಟಿಯಾದದ್ದು ಕ್ರಿಯಾಯೋಜನೆ. ಇಂಥ ಅನುದಾನದಲ್ಲಿ ಇಷ್ಟು ದುಡ್ಡು ಇದೆ, ಅದರಲ್ಲಿ ಈ ಈ ಕಾಮಗಾರಿ ಮಾಡುತ್ತೇವೆ ಅಂತ ಮೊತ್ತದ ಸಮೇತ ಪಟ್ಟಿ ಮಾಡುವುದು. ಅದಕ್ಕಿಂತ ಮುಂದಿನದು ಟೆಂಡರ್ ಆಗಿ ಬಂದ ದರಕ್ಕೆ ಒಪ್ಪಿಗೆ. ನಿಮ್ಮ ರಸ್ತೆ ಮೂರನೆಯ ಹಂತದಲ್ಲಿ ಪಾಸ್ ಆಗಿದ್ದರೆ ಗುತ್ತಿಗೆದಾರ ಬರುವ ಕಾಲ ಹತ್ತಿರ ಬಂದಿದೆ. ಮೊದಲನೆಯದರಲ್ಲಿ ಪಾಸ್ ಆಗಿದ್ದರೆ ಅದು ಇನ್ನೂ ಬರೀ ಆಸೆ. ಪೇಪರಿನವರು ಮೂರಕ್ಕೂ ‘ಅನುಮೋದನೆ’ ಅಂತಲೇ ಬರೆಯುತ್ತಾರೆ. ಗೊಂದಲ ಹುಟ್ಟುವುದೇ ಅಲ್ಲಿ.

ಇನ್ನು ದುಡ್ಡು. ನಗರಸಭೆಗೆ ಸ್ವಂತ ಆದಾಯ ಇದೆ: ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ, ಟ್ರೇಡ್ ಲೈಸೆನ್ಸ್ ಶುಲ್ಕ. ಅದರ ಮೇಲೆ ರಾಜ್ಯ ಹಣಕಾಸು ಆಯೋಗದ ಅನುದಾನ, ಅಂದರೆ ಎಸ್‌ಎಫ್‌ಸಿ. ಕೇಂದ್ರ ಹಣಕಾಸು ಆಯೋಗದ ಅನುದಾನ. ಆಗಾಗ ಊರುಗಳ ಅಭಿವೃದ್ಧಿಗೆ ರಾಜ್ಯ ಸರ್ಕಾರ ತರುವ ನಗರೋತ್ಥಾನದಂಥ ಯೋಜನೆ. ಕೇಳಲು ತುಂಬಾ ಇದೆ ಅನಿಸುತ್ತದೆ. ಆದರೆ ಪ್ರತಿಯೊಂದಕ್ಕೂ ಹಗ್ಗ ಕಟ್ಟಿರುತ್ತಾರೆ. ಎಸ್‌ಎಫ್‌ಸಿಯಲ್ಲಿ ದೊಡ್ಡ ಪಾಲು ಸಂಬಳಕ್ಕೆ, ಬೀದಿದೀಪ ಮತ್ತು ನೀರೆತ್ತುವ ಪಂಪುಗಳ ಕರೆಂಟ್ ಬಿಲ್ಲಿಗೆ ಹೋಗುತ್ತದೆ. 2021ರಿಂದ 2026ರ ಅವಧಿಯ 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟ ದುಡ್ಡಿನಲ್ಲಿ ಶೇ 60ರಷ್ಟು ಕುಡಿಯುವ ನೀರು, ನೈರ್ಮಲ್ಯ, ಕಸ ವಿಲೇವಾರಿ ಇವಕ್ಕೇ ಮೀಸಲು. ಅದರಲ್ಲಿ ರಸ್ತೆಗೆ ಡಾಂಬರು ಹಾಕುವಂತಿಲ್ಲ. ಕೈಗೆ ಉಳಿದ ದುಡ್ಡಿನಲ್ಲೂ ಶೇ 24.10 ಪರಿಶಿಷ್ಟ ಜಾತಿ, ಪಂಗಡದವರ ಕಲ್ಯಾಣಕ್ಕೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ತೆಗೆದಿಡಬೇಕು. ಈ ಮೀಸಲು ಇರಲೇಬೇಕು. ನಿಮ್ಮ ಬೀದಿಗೆ ದುಡ್ಡಿಲ್ಲ ಅಂತ ಅದರ ಮೇಲೆ ಕಣ್ಣು ಹಾಕಬೇಡಿ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದನ್ನು ಎಲ್ಲ ವಾರ್ಡುಗಳೂ ಹಂಚಿಕೊಳ್ಳಬೇಕು.

ಇದೇ ನಂಬಿಕೆಯ ಇನ್ನೊಂದು ಕೊಂಬೆ ಇದೆ: ‘ನಮ್ಮ ಕೌನ್ಸಿಲರ್‌ಗೆ ವರ್ಷಕ್ಕೆ ಇಷ್ಟು ಲಕ್ಷ ಫಂಡ್ ಬರುತ್ತೆ, ಮನಸ್ಸು ಮಾಡಿದರೆ ನಾಳೆಯೇ ಮಾಡಿಸಬಹುದು.’ ಶಾಸಕರಿಗೆ ಕ್ಷೇತ್ರಾಭಿವೃದ್ಧಿ ನಿಧಿ ಇದೆ, ವರ್ಷಕ್ಕೆ 2 ಕೋಟಿ. ಸಂಸದರಿಗೂ ಇದೆ, 5 ಕೋಟಿ. ನಗರಸಭೆ ಸದಸ್ಯರಿಗೆ ಕಾಯ್ದೆಯಲ್ಲಿ ಅಂಥ ನಿಧಿ ಇಲ್ಲ. ಕೆಲವು ಊರುಗಳಲ್ಲಿ ಜಗಳ ಬೇಡ ಅಂತ ಇದ್ದ ಅನುದಾನವನ್ನು ವಾರ್ಡಿಗೆ ಇಷ್ಟು ಅಂತ ಸಮನಾಗಿ ಹಂಚಿಕೊಳ್ಳುತ್ತಾರೆ. ಅದು ಅವರವರ ಹೊಂದಾಣಿಕೆ. ಆ ದುಡ್ಡು ಸದಸ್ಯರ ಕೈಗೆ ಬರುವುದಿಲ್ಲ, ನಗರಸಭೆಯ ಖಾತೆಯಲ್ಲೇ ಇರುತ್ತದೆ. ಖರ್ಚು ಮಾಡಲು ಕ್ರಿಯಾಯೋಜನೆ, ಟೆಂಡರ್ ಎಲ್ಲವೂ ಬೇಕೇ ಬೇಕು.

ಸರಿ, ನಿಮ್ಮ ರಸ್ತೆ ಕ್ರಿಯಾಯೋಜನೆಗೆ ಸೇರಿತು ಅಂತಲೇ ಇಟ್ಟುಕೊಳ್ಳೋಣ. ಅನುದಾನದ ಕ್ರಿಯಾಯೋಜನೆ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ. ಅಲ್ಲಿನ ನಗರಾಭಿವೃದ್ಧಿ ಕೋಶ ನೋಡುತ್ತದೆ. ಒಪ್ಪಿಗೆ ಬಂದ ಮೇಲೆ ಜೂನಿಯರ್ ಎಂಜಿನಿಯರ್ ಟೇಪು ಹಿಡಿದು ಅಳತೆ ಮಾಡಿ ಅಂದಾಜುಪಟ್ಟಿ ತಯಾರಿಸುತ್ತಾರೆ. ದರ ಅವರ ಇಷ್ಟದ್ದಲ್ಲ, ಎಸ್‌ಆರ್ ದರ, ಅಂದರೆ ಸರ್ಕಾರದ ದರಪಟ್ಟಿಯಲ್ಲಿ ಇರುವುದು. ಮೇಲಿನ ಎಂಜಿನಿಯರ್ ತಾಂತ್ರಿಕ ಮಂಜೂರಾತಿ ಕೊಡುತ್ತಾರೆ. ಆಮೇಲೆ ಸರ್ಕಾರದ ಖರೀದಿ ಪೋರ್ಟಲ್‌ನಲ್ಲಿ ಟೆಂಡರ್. ಇದಕ್ಕೆ ಇರುವುದು ಸಾರ್ವಜನಿಕ ಖರೀದಿಯ ಪಾರದರ್ಶಕತೆ ಕಾಯ್ದೆ, 1999ರದ್ದು. ಅದರ ಪ್ರಕಾರ ಅರ್ಜಿ ಹಾಕಲು ಇಷ್ಟು ದಿನ ಅಂತ ಕಾಲಾವಕಾಶ ಕೊಡಲೇಬೇಕು. ಯಾರೂ ಟೆಂಡರ್ ಹಾಕದಿದ್ದರೆ ಮತ್ತೆ ಕರೆಯಬೇಕು. ಸಣ್ಣ ಕೆಲಸಕ್ಕೆ ಗುತ್ತಿಗೆದಾರರು ಬರದೇ ಇರುವುದು ಮಾಮೂಲು. ಹಳೇ ಬಿಲ್ ಬಾಕಿ ಉಳಿಸಿಕೊಂಡ ನಗರಸಭೆಗೆ ಯಾರು ತಾನೇ ಬರುತ್ತಾರೆ? ನಡುವೆ ಒಂದು ಚುನಾವಣೆ ಬಂದರೆ ನೀತಿ ಸಂಹಿತೆ, ಹೊಸ ಕೆಲಸ ಶುರು ಮಾಡುವಂತಿಲ್ಲ. ಅದು ಮುಗಿಯುವಷ್ಟರಲ್ಲಿ ಮಳೆಗಾಲ. ಮಳೆಯಲ್ಲಿ ಡಾಂಬರು ಹಾಕುವುದು ದುಡ್ಡನ್ನು ಚರಂಡಿಗೆ ಸುರಿದಂತೆ.

ರಸ್ತೆಯ ವಿಷಯದಲ್ಲಿ ಇನ್ನೂ ಎರಡು ಅಡ್ಡಿ ಇರುತ್ತವೆ. ನಿಮ್ಮ ಬಡಾವಣೆಯನ್ನು ನಗರಸಭೆಗೆ ಹಸ್ತಾಂತರ ಮಾಡಿದ್ದಾರಾ ಅಂತ ಮೊದಲು ನೋಡಿ. ಲೇಔಟ್ ಮಾಡಿದವರು ಸೈಟು ಮಾರಿ ಹೊರಟುಹೋಗಿ, ರಸ್ತೆ, ಪಾರ್ಕು ಬರೆದುಕೊಟ್ಟಿಲ್ಲ ಅಂದರೆ ನಗರಸಭೆ ಅಲ್ಲಿ ದುಡ್ಡು ಹಾಕಲು ಹಿಂಜರಿಯುತ್ತದೆ. ಎಂಜಿನಿಯರ್ ಆಡಿಟ್‌ಗೆ ಉತ್ತರ ಕೊಡಬೇಕಲ್ಲ! ಎರಡನೆಯದು ಒಳಚರಂಡಿ ಅಥವಾ ನೀರಿನ ಪೈಪಿನ ಕೆಲಸ. ಅದು ಬಾಕಿ ಇದ್ದರೆ ರಸ್ತೆ ಕಾಯಲೇಬೇಕು. ಡಾಂಬರು ಹಾಕಿ ಮೂರೇ ತಿಂಗಳಿಗೆ ಅಗೆದರೆ ಬೈಯುವವರೂ ನೀವೇ.

ಅಕ್ರಮ ಎಲ್ಲಿ ನಡೆಯಬಹುದು ಅಂತ ಹೇಳುತ್ತೇನೆ ಅಂದಿದ್ದೆ. ಅದನ್ನು ಹುಡುಕಬೇಕಾದದ್ದು ಕೆಲಸ ನಡೆಯುವಾಗ ಮತ್ತು ಬಿಲ್ ಆಗುವಾಗ. ಪ್ರತಿ ಕಾಮಗಾರಿಗೂ ಒಂದು ಅಳತೆ ಪುಸ್ತಕ ಇರುತ್ತದೆ. ಕಚೇರಿಯಲ್ಲಿ ಎಂ.ಬಿ. ಅನ್ನುತ್ತಾರೆ. ಉದ್ದ ಎಷ್ಟು, ಅಗಲ ಎಷ್ಟು, ದಪ್ಪ ಎಷ್ಟು ಅಂತ ಎಂಜಿನಿಯರ್ ಕೈಯಲ್ಲಿ ಬರೆದು ಸಹಿ ಹಾಕಿರುತ್ತಾರೆ. ಗುತ್ತಿಗೆದಾರರಿಗೆ ದುಡ್ಡು ಹೋಗುವುದು ಆ ಬರಹದ ಮೇಲೆ. ಪುಸ್ತಕದಲ್ಲಿ 50 ಮಿಲಿಮೀಟರ್ ದಪ್ಪ ಅಂತ ಇದ್ದು, ರಸ್ತೆಯ ಅಂಚಿನಲ್ಲಿ ಸ್ಕೇಲ್ ಇಟ್ಟರೆ 30 ಬಂತು ಅಂದರೆ ಅಲ್ಲಿ ಪ್ರಶ್ನೆ ಎತ್ತಿ. ಅದಕ್ಕೆ ಉತ್ತರ ಕೊಡದೆ ಯಾರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸಭೆ ಮುಗಿದ ಮರುದಿನ ‘ದುಡ್ಡು ತಿಂದರು’ ಅಂತ ಕೂಗುವವರು, ಜಲ್ಲಿ ಬಿದ್ದ ದಿನ ಮನೆಯೊಳಗೆ ಇರುತ್ತಾರೆ. ನನಗೆ ನಿಜವಾಗಿ ಬೇಸರ ಆಗುವುದು ಇದಕ್ಕೆ.

ಆದ್ದರಿಂದ ನಗರಸಭೆಗೆ ಹೋದಾಗ ‘ನಮ್ಮ ರಸ್ತೆ ಯಾವಾಗ ಮಾಡ್ತೀರಿ’ ಅಂತ ಕೇಳಬೇಡಿ. ‘ಆದಷ್ಟು ಬೇಗ’ ಅಂತ ಕಳಿಸುತ್ತಾರೆ. ಹೀಗೆ ಕೇಳಿ: ಯಾವ ತಾರೀಖಿನ ಸಭೆ, ಯಾವ ವಿಷಯ ಸಂಖ್ಯೆ? ಯಾವ ಅನುದಾನ, ಯಾವ ವರ್ಷದ ಕ್ರಿಯಾಯೋಜನೆಯಲ್ಲಿ ಎಷ್ಟನೇ ಕ್ರಮ ಸಂಖ್ಯೆ? ತಾಂತ್ರಿಕ ಮಂಜೂರಾತಿ ಆಗಿದೆಯಾ? ಇಷ್ಟು ಕೇಳಿದರೆ ಎದುರಿಗೆ ಕೂತ ಗುಮಾಸ್ತರು ಕುರ್ಚಿ ಸರಿಮಾಡಿಕೊಂಡು ಫೈಲ್ ಹುಡುಕುತ್ತಾರೆ, ನಾನೇ ನೋಡಿದ್ದೇನೆ. ಬಾಯಿಮಾತಿಗೆ ಉತ್ತರ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ನಮ್ಮ ರಾಜ್ಯದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ, 150 ಪದ ದಾಟಬೇಡಿ. ಉದ್ದುದ್ದ ಬರೆದು, ಅದೇ ಕಾರಣಕ್ಕೆ ಅರ್ಜಿ ವಾಪಸ್ ಬರುವ ಹಾಗೆ ಮಾಡಿಕೊಳ್ಳಬೇಡಿ.

ಇದನ್ನು ಬರೆಯುವಾಗ ಯಾರೂ ಕೇಳದ ಇನ್ನೊಂದು ಪ್ರಶ್ನೆ ತಲೆಯಲ್ಲಿ ಓಡುತ್ತಿದೆ. ಅದು ಇದಕ್ಕಿಂತ ದೊಡ್ಡದು. ಸಭೆಯೇ ಇಲ್ಲದ ಊರಿನಲ್ಲಿ ತೀರ್ಮಾನ ಮಾಡುವವರು ಯಾರು?

2018ರ ಆಗಸ್ಟ್ ಕೊನೆಗೆ ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸದಸ್ಯರು ಗೆದ್ದರು, ಹಾರ ಹಾಕಿಸಿಕೊಂಡರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಬಹುತೇಕ ಕಡೆ ಅಧ್ಯಕ್ಷರ ಆಯ್ಕೆ ಆಗಿದ್ದು 2020ರ ಕೊನೆಯ ಹೊತ್ತಿಗೆ. ಎರಡು ವರ್ಷ ಗೆದ್ದ ಸದಸ್ಯರು ಸಭೆಯಿಲ್ಲದೆ ಕೂತಿದ್ದರು. ಅಧ್ಯಕ್ಷರ ಅವಧಿ 30 ತಿಂಗಳು. ಅದು ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬರಲು 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ಬೆಂಗಳೂರಿನ ಕತೆ ಇನ್ನೂ ಉದ್ದ. ಅಲ್ಲಿನ ಪಾಲಿಕೆ ಸದಸ್ಯರ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಚುನಾವಣೆ ಇಲ್ಲದೆಯೇ ವರ್ಷಗಳು ಉರುಳಿ, 2025ರಲ್ಲಿ ಆ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು.

ಇಂಥ ಕಾಲದಲ್ಲಿ ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸುತ್ತದೆ. ಸಾಮಾನ್ಯವಾಗಿ ನಗರಸಭೆಗೆ ಜಿಲ್ಲಾಧಿಕಾರಿ, ಸಣ್ಣ ಊರುಗಳಿಗೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ. ಸಭೆಯ ಅಧಿಕಾರ ಪೂರ್ತಿ ಅವರ ಕೈಯಲ್ಲಿ ಇರುತ್ತದೆ. ಮೂವತ್ತು ಜನ ಕೂತು ಜಗಳ ಆಡಿ ಮಾಡಬೇಕಾದ ತೀರ್ಮಾನ ಒಂದು ಫೈಲಿನ ಮೇಲಿನ ಒಂದು ಸಹಿಯಲ್ಲಿ ಮುಗಿಯುತ್ತದೆ. ಕೆಲಸ ಬೇಗ ಆಗುತ್ತದೆ ಅಂತ ಕೆಲವರು ಖುಷಿಪಡುತ್ತಾರೆ. ನಾನು ಒಪ್ಪುವುದಿಲ್ಲ. ಇಡೀ ಜಿಲ್ಲೆಯ ಹೊರೆ ಹೊತ್ತ ಅಧಿಕಾರಿಗೆ ನಿಮ್ಮ ಅಡ್ಡರಸ್ತೆಯ ಹೊಂಡ ಕಾಣುವುದಿಲ್ಲ. ವಾರ್ಡಿನ ಸದಸ್ಯರು ಆ ಹೊಂಡ ದಾಟಿಯೇ ಮನೆಗೆ ಹೋಗಬೇಕು. ಸಂವಿಧಾನದ ಪ್ರಕಾರ ನಗರಸಭೆಯ ಅವಧಿ ಮೊದಲ ಸಭೆಯ ದಿನದಿಂದ 5 ವರ್ಷ. ಅದು ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿಸಬೇಕು. 74ನೇ ತಿದ್ದುಪಡಿಯಲ್ಲಿ ಇದನ್ನು ಬರೆದಿಟ್ಟು ಮೂವತ್ತು ವರ್ಷ ದಾಟಿದೆ.

ನಿಮ್ಮ ಊರಿನಲ್ಲಿ ಈಗ ಆಡಳಿತಾಧಿಕಾರಿ ಇದ್ದರೆ ಅರ್ಜಿಯನ್ನು ಅಧ್ಯಕ್ಷರ ಹೆಸರಿಗೆ ಬರೆಯಬೇಡಿ. ಆಡಳಿತಾಧಿಕಾರಿಗೆ ಬರೆದು, ಒಂದು ಪ್ರತಿ ಪೌರಾಯುಕ್ತರಿಗೆ ಕೊಡಿ. ಪುರಸಭೆ, ಪಟ್ಟಣ ಪಂಚಾಯಿತಿ ಆದರೆ ಮುಖ್ಯಾಧಿಕಾರಿಗೆ. ಹಳೇ ಗೊತ್ತುವಳಿಯ ತಾರೀಖು ಮತ್ತು ವಿಷಯ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಹಾಕಿ. ಟಪಾಲು ವಿಭಾಗದಲ್ಲಿ ಸೀಲು ಹಾಕಿಸಿ, ಸ್ವೀಕೃತಿ ನಂಬರ್ ಬರೆಸಿಕೊಳ್ಳದೆ ಹೊರಗೆ ಬರಬೇಡಿ.