ಗೋಡೆಗೆ ತೇವ ಏರಿದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಬಹುದಾ?

ಪ್ರಶ್ನೆ: ಗಂಗಾವತಿಯಲ್ಲಿ ಮೂರು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಹಾಲ್‌ನಲ್ಲೂ ಮಲಗುವ ಕೋಣೆಯಲ್ಲೂ ಗೋಡೆಯ ಕೆಳಭಾಗ ನೆಂದೇ ಇರುತ್ತದೆ. ಬಣ್ಣ ಹೊಪ್ಪಳೆ ಎದ್ದು ಉದುರುತ್ತಿದೆ. ಬೇಸಿಗೆ ರಜೆಯಲ್ಲಿ ಮನೆ ಬಿಡುತ್ತೇವೆ ಅಂದಾಗ ಮಾಲೀಕರು, "ಗೋಡೆ ಹಾಳು ಮಾಡೀರಿ, ಗಿಲಾವು, ಬಣ್ಣದ ಖರ್ಚು ಅಡ್ವಾನ್ಸ್‌ನಾಗ ಮುರ್ಕೊಂತೀನಿ" ಅಂದರು. ಇದು ಸರಿಯಾ?

ಉತ್ತರ: ನೀವು ಹೇಳಿದಂತೆಯೇ ಇದ್ದರೆ ಸರಿಯಲ್ಲ. ನೆಲದಿಂದ ಗೋಡೆಗೆ ಏರುವ ತೇವಕ್ಕೆ ಬಾಡಿಗೆಗೆ ಇದ್ದವರು ಹೊಣೆಯಲ್ಲ. ಆದರೆ "ನಾವು ಮಾಡಿಲ್ಲ" ಅಂದುಬಿಟ್ಟರೆ ಸಾಲದು. ಆ ನೀರು ಎಲ್ಲಿಂದ ಬಂತು ಅಂತ ನೀವು ತೋರಿಸಬೇಕು. ಇಂಥ ಜಗಳದಲ್ಲಿ ಮುಖ್ಯ ಪ್ರಶ್ನೆ ಅದೊಂದೇ.

ನಾನು ರಾಯಚೂರಿನಲ್ಲಿ ಬಾಡಿಗೆಗೆ ಇದ್ದಾಗ ಇದೇ ತಕರಾರು ಬಂದಿತ್ತು. ಮಾಲೀಕರು ಒಬ್ಬ ವಯಸ್ಸಾದ ಗೌಂಡಿಯನ್ನು ಕರೆತಂದರು. ಆತ ಬಂದವನೇ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಹೆಬ್ಬೆರಳ ಉಗುರಿನಿಂದ ಕೆರೆದ. ಹಿಟ್ಟಿನಂಥ ಬಿಳಿ ಪುಡಿ ಉದುರಿತು. ಅದನ್ನು ನಾಲಿಗೆ ತುದಿಗೆ ಮುಟ್ಟಿಸಿ ಉಗುಳಿದ. "ಉಪ್ಪೈತ್ರಿ. ಭೂಮಿ ನೀರು ಏರೈತಿ, ಇವ್ರೇನ್ ಮಾಡ್ಯಾರು?" ಅಂದ. ಮಾಲೀಕರು ಮತ್ತೆ ಮಾತೆತ್ತಲಿಲ್ಲ. (ನೀವು ನಾಲಿಗೆಗೆ ಹಚ್ಚಬೇಡಿ, ಕಣ್ಣಿಂದ ನೋಡಿದರೆ ಸಾಕು.)

ಆಗುವುದು ಇಷ್ಟು. ಇಟ್ಟಿಗೆ, ಕಲ್ಲುಗಾರೆ ಎರಡೂ ಬತ್ತಿ ಎಣ್ಣೆ ಹೀರಿದಂತೆ ನೆಲದ ನೀರನ್ನು ಮೇಲಕ್ಕೆ ಹೀರುತ್ತವೆ. ನೀರಿನ ಜೊತೆ ಮಣ್ಣಿನ ಉಪ್ಪೂ ಏರುತ್ತದೆ. ನಮ್ಮ ಕಡೆಯ ಒಣ ಬಿಸಿಲಿಗೆ ನೀರು ಬೇಗ ಆರುತ್ತದೆ, ಉಪ್ಪು ಗೋಡೆಯಲ್ಲೇ ಉಳಿಯುತ್ತದೆ. ಅದು ಹರಳುಗಟ್ಟಿ ಹಿಗ್ಗುವಾಗ ಒಳಗಿನಿಂದ ಗಿಲಾವನ್ನು ನೂಕುತ್ತದೆ. ನೀವು ಹೇಳಿದ ಹೊಪ್ಪಳೆ ಅದೇ. ಕಟ್ಟುವಾಗ ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕದಿದ್ದರೆ, ಅಥವಾ ಬೋರ್‌ವೆಲ್ಲಿನ ಉಪ್ಪು ನೀರಿನಲ್ಲೇ ಗಾರೆ ಕಲಸಿದ್ದರೆ, ತೊಂದರೆ ಇನ್ನೂ ಜಾಸ್ತಿ.

ಗಂಗಾವತಿಯಲ್ಲಿ ಇನ್ನೊಂದು ವಿಷಯ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಸುತ್ತಲೂ ಭತ್ತ ಬೆಳೆಯುತ್ತಾರೆ. ಸಿಂಧನೂರು, ಮಾನ್ವಿ ಕಡೆಗೂ ಹಾಗೆಯೇ. ಗದ್ದೆಯಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತದೆ, ಅಂತರ್ಜಲ ಮೇಲೆ ಬರುತ್ತದೆ, ಹೊಲ ಸವಳಾಗುತ್ತದೆ. ಅಂಥ ಹೊಲವನ್ನೇ ಲೇಔಟ್ ಮಾಡಿ ಮನೆ ಕಟ್ಟಿದರೆ, ಅಥವಾ ಪಕ್ಕದಲ್ಲೇ ಗದ್ದೆ ಇದ್ದರೆ, ಗೋಡೆ ಮಳೆಗಾಲ ನೋಡುವುದಿಲ್ಲ, ಕಾಲುವೆ ನೋಡುತ್ತದೆ. ಕಾಲುವೆಗೆ ನೀರು ಬಿಟ್ಟಾಗ ನೆನೆಯುತ್ತದೆ, ಬೇಸಿಗೆಯಲ್ಲಿ ನಿಲ್ಲಿಸಿದಾಗ ಒಣಗುತ್ತದೆ. ನಿಮ್ಮ ಮನೆಯಲ್ಲೂ ಹೀಗೇನಾ? ನೆನಪು ಮಾಡಿಕೊಳ್ಳಿ. ಹೌದು ಅಂದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಗುರುತಿನ ಎತ್ತರವನ್ನೂ ನೋಡಿ. ನೆಲದಿಂದ ಸುಮಾರು ಮೂರು ಅಡಿಯೊಳಗೆ, ಗೋಡೆಯುದ್ದಕ್ಕೂ ಅಲೆಯಂತೆ ಗೆರೆ ಇದ್ದರೆ ಅದು ಭೂಮಿಯ ತೇವ. ಛಾವಣಿ ಹತ್ತಿರ ಕಲೆ ಇದ್ದು ಮಳೆ ಬಂದಾಗ ದೊಡ್ಡದಾದರೆ ಮೇಲಿನ ಸೋರಿಕೆ. ಇವೆರಡೂ ಮಾಲೀಕರ ಖರ್ಚು. ಬಚ್ಚಲ ಹಿಂದಿನ ಗೋಡೆ ಮಾತ್ರ ವರ್ಷವಿಡೀ ನೆಂದಿದ್ದರೆ ಪೈಪು ಅನುಮಾನಿಸಿ. ಗೋಡೆಯೊಳಗಿನ ಪೈಪು ಹಳತಾಗಿ ಸೋರಿದರೆ ಮಾಲೀಕರದು, ನೀವು ಮೊಳೆ ಹೊಡೆದು ತೂತು ಮಾಡಿದ್ದರೆ ನಿಮ್ಮದು. ಬೀದಿಗೆ ಸಿಮೆಂಟ್ ರಸ್ತೆ ಹಾಕಿ ಹಾಕಿ ಮನೆಯೇ ತಗ್ಗಿಗೆ ಬಿದ್ದು ಗೋಡೆಗೆ ನೀರು ನಿಲ್ಲುವುದೂ ಉಂಟು. ಅದು ಇಬ್ಬರ ತಪ್ಪೂ ಅಲ್ಲ, ಆದರೂ ಮನೆ ಉಳಿಸಿಕೊಳ್ಳಬೇಕಾದವರು ಮಾಲೀಕರೇ.

ಬಾಡಿಗೆದಾರರ ಕಡೆಯಿಂದಲೂ ತಪ್ಪಾಗುತ್ತದೆ, ಅದನ್ನು ಮುಚ್ಚಿಡಬಾರದು. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಏರ್ ಕೂಲರ್ ಇಲ್ಲದೆ ನಿದ್ದೆ ಬರಲ್ಲ. ಆದರೆ ಕಿಟಕಿ, ಬಾಗಿಲು ಎಲ್ಲ ಮುಚ್ಚಿ ರಾತ್ರಿಯಿಡೀ ಕೂಲರ್ ಹಾಕಿದರೆ ಕೋಣೆಯ ಗಾಳಿಯೆಲ್ಲ ಒದ್ದೆ. ಬೀರುವಿನ ಹಿಂದೆ, ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಕೂಲರ್‌ನ ನೀರು ಕಿಟಕಿಯಿಂದ ಗೋಡೆಗೆ ತೊಟ್ಟಿಕ್ಕಿದರೆ ಅಲ್ಲೂ ಬಣ್ಣ ಹೋಗುತ್ತದೆ. ಇದು ನಿಮ್ಮ ಲೆಕ್ಕಕ್ಕೇ ಬರುವುದು ನ್ಯಾಯ. ಅನುಮಾನ ಇದ್ದರೆ ಒಂದು ಪಾಲಿಥೀನ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ, ನೀರು ಮೂಡಿದರೆ ತೇವ ಗೋಡೆಯದು. ಹೊರಮೈಯಲ್ಲಿ ಮೂಡಿದರೆ ಕೋಣೆಯ ಗಾಳಿಯದು.

ಇನ್ನು ಕಾನೂನು. ಕರ್ನಾಟಕ ಬಾಡಿಗೆ ಕಾಯ್ದೆ 1999 ಇದೆ, ಆದರೆ ಅದು ಕಡಿಮೆ ಬಾಡಿಗೆಯ ಮನೆಗಳಿಗೆ. ಊರನ್ನು ನೋಡಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ದಾಟಿದರೆ ಅನ್ವಯಿಸುವುದಿಲ್ಲ. ಹಾಗಾಗಿ ಇವತ್ತಿನ ಬಹುತೇಕ ಮನೆಗಳಿಗೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಆಧಾರ. ಅದರ 108ನೇ ಕಲಮಿನ ಪ್ರಕಾರ, ಬಾಡಿಗೆದಾರರು ಮನೆಯನ್ನು ತಾವು ಬಂದಾಗ ಇದ್ದ ಸ್ಥಿತಿಯಲ್ಲೇ ಒಪ್ಪಿಸಬೇಕು. ಆದರೆ ಸಹಜವಾಗಿ ಬಳಸಿ ಸವೆದದ್ದನ್ನು, ಯಾರ ಕೈಲೂ ತಡೆಯಲಾಗದ ಹಾನಿಯನ್ನು ಬಿಟ್ಟು. ಬಿಸಿಲಿಗೆ ಮಾಸಿದ ಬಣ್ಣ, ಒಗ್ಗರಣೆ ಹೊಗೆಗೆ ಮಂಕಾದ ಅಡುಗೆಮನೆ, ದೇವರ ಗೂಡಿನ ಮೇಲಿನ ದೀಪದ ಕರಿ, ಸಡಿಲಾದ ಬಾಗಿಲ ತಿರುಗಣಿ ಇವೆಲ್ಲ ಸವೆತ. ನೆಲದ ಮೇಲೆ ಒಳ್ಳು ಇಟ್ಟು ಖಾರ ಕುಟ್ಟಿ ಟೈಲ್ಸ್ ಒಡೆದರೆ ಅದು ಸವೆತ ಅಲ್ಲ, ಕಟ್ಟಿಕೊಡಬೇಕು.

ಇಲ್ಲಿ ಒಂದು ಎಚ್ಚರ. ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ, ಊರಿನ ರೂಢಿ ಬೇರೆ ಇಲ್ಲದಿದ್ದರೆ ಮಾತ್ರ ಈ ಕಲಮು ನಿಲ್ಲುತ್ತದೆ. ಮನೆ ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಹನ್ನೊಂದು ತಿಂಗಳ ಬಾಂಡ್‌ನಲ್ಲಿ ಬರೆದಿರುತ್ತಾರೆ, ನಾವು ಸುಮ್ನೆ ಸಹಿ ಹಾಕಿರುತ್ತೇವೆ. ಅಲ್ವಾ? ಇವತ್ತೇ ಬಾಂಡ್ ತೆಗೆದು ಓದಿ. ಆ ಮಾತಿದ್ದರೆ ಬಣ್ಣಕ್ಕೆ ಅಷ್ಟು ಬಿಡಬೇಕಾಗುತ್ತದೆ. ಗಿಲಾವಿನ ಖರ್ಚನ್ನು ಅದರೊಳಗೆ ತುರುಕುವಂತಿಲ್ಲ.

ರಿಪೇರಿ ಮಾಡಿಸಲಿಲ್ಲ ಅಂತ ಕೋಪದಲ್ಲಿ ಬಾಡಿಗೆ ಮಾತ್ರ ನಿಲ್ಲಿಸಬೇಡಿ, ನಿಮ್ಮ ಮಾತಿನ ಬಲ ಹೋಗುತ್ತದೆ. ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ, ನಾವೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಲು ಅದೇ ಕಲಮಿನಲ್ಲಿ ದಾರಿ ಇದೆ. ಆದರೆ ಯಾವ ರಿಪೇರಿ ಯಾರದು ಅಂತ ಬಾಂಡ್‌ನಲ್ಲಿ ಇದ್ದರೇನೇ ಅದು ಗಟ್ಟಿ. ಮುಂದಿನ ಮನೆಗೆ ಬರೆಸುವಾಗ 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಹಿಡಿದುಕೊಳ್ಳಿ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಅಷ್ಟೇ, ಆದರೆ ಹಂಚಿಕೆ ನನಗೆ ಬಹಳ ನ್ಯಾಯವಾಗಿ ಕಾಣುತ್ತದೆ. ಗೋಡೆ, ಛಾವಣಿಯಂಥ ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು, ವೈರಿಂಗ್ ಮಾಲೀಕರಿಗೆ. ನಲ್ಲಿ ವಾಷರ್, ಸ್ವಿಚ್ಚು, ಚರಂಡಿ ಸ್ವಚ್ಛ ಮಾಡಿಸುವುದು, ಚಿಲಕ, ಕಿಟಕಿ ಗಾಜು ಬಾಡಿಗೆದಾರರಿಗೆ.

ಈಗ ನೀವು ಮಾಡಬೇಕಾದ್ದು. ಗೋಡೆ ಒಣಗುವ ಮೊದಲೇ, ಪಕ್ಕದಲ್ಲಿ ಅಳತೆ ಟೇಪು ಹಿಡಿದು ಫೋಟೊ ತೆಗೆಯಿರಿ. ಕಾಲುವೆ ನಿಂತ ಮೇಲೆ ಹಸಿ ಗುರುತು ಸಿಗುವುದಿಲ್ಲ. ಫೋಟೊಗಳನ್ನು ಮಾಲೀಕರಿಗೆ ವಾಟ್ಸಾಪ್ ಮಾಡಿ, "ಅಣ್ಣಾರೆ, ಬಿಡೋಕಿಂತ ಮೊದ್ಲು ಒಮ್ಮೆ ಇಬ್ರೂ ಕೂಡಿ ನೋಡೋಣ್ರಿ, ಗೌಂಡಿನೂ ಕರ್ಕೊಂಡ್ ಬರ್ರಿ" ಅಂತ ಮರ್ಯಾದೆಯಿಂದ ಬರೆಯಿರಿ. ಹೋದ ವರ್ಷಗಳಲ್ಲಿ ತೇವದ ಬಗ್ಗೆ ಕಳಿಸಿದ ಮೆಸೇಜ್‌ಗಳಿದ್ದರೆ ಅಳಿಸಬೇಡಿ. ಆಮೇಲೂ ಒಪ್ಪದಿದ್ದರೆ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಕೂರಿಸಿ ಮಾತಾಡಿಸುತ್ತಾರೆ.

ಮಾಲೀಕರಿಗೂ ಒಂದು ಮಾತು ಮುಟ್ಟಿಸಿ. ಒದ್ದೆ ಗೋಡೆಗೆ ಪುಟ್ಟಿ ಬಳಿದು ಎಣ್ಣೆ ಬಣ್ಣ ಹೊಡೆಸಿದರೆ ತೇವ ಹೊರಬರಲು ದಾರಿಯಿಲ್ಲದೆ ಇನ್ನೂ ಮೇಲಕ್ಕೆ ಏರುತ್ತದೆ. ಕಾಲುವೆ ನಿಂತು ಗೋಡೆ ಚೆನ್ನಾಗಿ ಒಣಗಿದ ಮೇಲೆ, ಗುರುತಿಗಿಂತ ಒಂದಡಿ ಮೇಲಿನವರೆಗೂ ಹಳೆ ಗಿಲಾವು ಕೆತ್ತಿಸಿ, ಉಪ್ಪು ಉಜ್ಜಿ ತೆಗೆಸಿ, ಆಮೇಲೆ ಹೊಸದು ಹಾಕಿಸಲಿ. ನೀವು ಖಾಲಿ ಮಾಡುವ ಮೇ ತಿಂಗಳೇ ಅದಕ್ಕೆ ಸರಿಯಾದ ಹೊತ್ತು.